ಸೀಬರ್ಡ್ ಮಗ್ಗುಲಿನ ಬಾಡಿಗೆ ಮನೆಗಳು: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಮನೆ ಬಾಡಿಗೆಯ ವಿಚಾರವಾಗಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಬೆಂಗಳೂರಿನವು. ಈ ಬಾರಿ ಹಾಗಿಲ್ಲ. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಿಂದ, ಅದರಲ್ಲೂ ಸೀಬರ್ಡ್ ಎಂದು ಕರೆಯುವ ನೌಕಾನೆಲೆಯ ಆಸುಪಾಸಿನ ಊರುಗಳಿಂದ ಹಲವು ಪತ್ರಗಳು ಒಟ್ಟಿಗೇ ಬಂದಿವೆ. ಎಲ್ಲವನ್ನೂ ಬರೆದವರು ಮನೆ ಮಾಲೀಕರು. ಬೆಂಗಳೂರಿನ ಮಾಲೀಕರಿಗೆ ಹೇಳುವ ಮಾತನ್ನೇ ಇವರಿಗೂ ಹೇಳಿದರೆ ದಾರಿ ತಪ್ಪಿಸಿದಂತಾಗುತ್ತದೆ. ಏಕೆಂದರೆ ಇಲ್ಲಿ ನೌಕಾಪಡೆಯ ಬಾಡಿಗೆದಾರರ ಕೈಗೆ ಎಷ್ಟು ಹಣ ಬರುತ್ತದೆ ಎಂಬುದನ್ನು ಸರ್ಕಾರದ ಭತ್ಯೆಯ ದರವೂ, ಅವರು ಊರಿಗೆ ಎಂದು ಬಂದು ಎಂದು ಬಿಡುತ್ತಾರೆ ಎಂಬುದನ್ನು ವರ್ಗಾವಣೆಯ ಆದೇಶವೂ ತೀರ್ಮಾನಿಸುತ್ತವೆ. ಎರಡರಲ್ಲಿಯೂ ಮಾಲೀಕರ ಮಾತಿಗೆ ಜಾಗವಿಲ್ಲ. ಹೆಸರು ಪ್ರಕಟಿಸಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿರುವುದರಿಂದ ಊರಿನ ಹೆಸರನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಶಿಕ್ಷಕ. ನಮ್ಮ ಹಳೆಯ ಚಿರೇಕಲ್ಲಿನ ಮನೆಯ ಪಕ್ಕದ ಹಿತ್ತಿಲಿನಲ್ಲಿ ಕೆಲವು ವರ್ಷಗಳ ಹಿಂದೆ ಎರಡು ಬಾಡಿಗೆ ಮನೆಗಳನ್ನು ಕಟ್ಟಿಸಿದೆ. ಎರಡರಲ್ಲೂ ನೇವಿಯವರೇ ಇದ್ದರು. ತಿಂಗಳಿಗೆ ಒಂಬತ್ತು ಸಾವಿರದಂತೆ ಬಾಡಿಗೆ ತಪ್ಪದೆ ಬರುತ್ತಿತ್ತು. ಈಗ ಐದು ತಿಂಗಳಿಂದ ಒಂದು ಮನೆ ಖಾಲಿ ಇದೆ. ನೆಲೆಯ ಒಳಗೆ ಬಹುಮಹಡಿ ಕ್ವಾರ್ಟರ್ಸ್ ಎದ್ದಿರುವುದೇ ಇದಕ್ಕೆ ಕಾರಣ ಎಂದು ನೆರೆಯವರು ಹೇಳುತ್ತಾರೆ. ನನ್ನ ಮಗನ ಲೆಕ್ಕವೇ ಬೇರೆ. ನೆಲೆಯ ಎರಡನೇ ಹಂತ ಮುಗಿದರೆ ಜನ ಮನೆ ಕೇಳಿಕೊಂಡು ಬಾಗಿಲಿಗೆ ಬರುತ್ತಾರೆ, ಈಗಲೇ ಮೇಲೆ ಇನ್ನೆರಡು ಮನೆ ಎತ್ತಿಸೋಣ ಎನ್ನುತ್ತಾನೆ. ಅವನ ಹೆಸರಿನಲ್ಲಿ ಬ್ಯಾಂಕು 12 ಲಕ್ಷ ರೂಪಾಯಿ ಸಾಲ ಕೊಡಲು ಒಪ್ಪಿದೆ. ಬಡ್ಡಿ ಶೇ 9, ಅವಧಿ 15 ವರ್ಷ. ಉಳಿದದ್ದನ್ನು ನನ್ನ ನಿವೃತ್ತಿ ಹಣದಿಂದ ಹಾಕಬೇಕಾಗುತ್ತದೆ. ಏನು ಮಾಡಲಿ? (ಅಮದಳ್ಳಿ)

ಉತ್ತರ: ಮೇಷ್ಟ್ರೇ, ಮೇಲಿನ ಮಹಡಿ ಈಗ ಬೇಡ. ನಿಮ್ಮ ಮಗನ ಮಾತಿನಲ್ಲಿ ಅರ್ಧ ಸತ್ಯ ಇರುವುದರಿಂದ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಸೀಬರ್ಡ್ ಯೋಜನೆಗೆ 1986ರಲ್ಲಿ ಆಗಿನ ಪ್ರಧಾನಿ ರಾಜೀವ್ ಗಾಂಧಿಯವರು ಅಡಿಗಲ್ಲು ಹಾಕಿದ್ದನ್ನು ನೀವು ನೋಡಿರಬಹುದು. ಭೂಸ್ವಾಧೀನ, ಪುನರ್ವಸತಿ, ಹಣಕಾಸು ಎಂದು ಎಳೆದಾಡಿ ಅರ್ಗಾದಲ್ಲಿ ನೌಕಾನೆಲೆ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರ ಮೇ ತಿಂಗಳಲ್ಲಿ. ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಕಾರವಾರವನ್ನು ತನ್ನ ತವರು ಬಂದರು ಮಾಡಿಕೊಂಡು ಇಲ್ಲಿಗೆ ಬಂದದ್ದು 2014ರ ಜನವರಿಯಲ್ಲಿ. ಅದೊಂದೇ ಹಡಗಿನ ಸಿಬ್ಬಂದಿ ಸುಮಾರು 1,600 ಮಂದಿ. ಆಮೇಲೆ ಎರಡನೇ ಹಂತದ ಭಾಗವಾದ 2ಎ ಕಾಮಗಾರಿ ಬಂತು. ಹೊಸ ಧಕ್ಕೆಗಳು, ದುರಸ್ತಿಯ ವ್ಯವಸ್ಥೆ, ವಸತಿ ಕಟ್ಟಡಗಳು ಎಲ್ಲವೂ ಅದರಲ್ಲಿ ಸೇರಿವೆ. ಊರಿನಲ್ಲಿ ಬಾಡಿಗೆ ಮನೆಗೆ ಬೇಡಿಕೆ ಏರಿದ್ದು ಈ ವರ್ಷಗಳಲ್ಲಿ. ಆದರೆ ಆ ಬೇಡಿಕೆಯಲ್ಲಿ ಎರಡು ಬಗೆಯ ಜನ ಬೆರೆತಿದ್ದರು. ಒಂದು ನೌಕಾಪಡೆಯ ಕುಟುಂಬಗಳು. ಇನ್ನೊಂದು ಕಾಮಗಾರಿಗೆ ಬಂದ ಎಂಜಿನಿಯರುಗಳು, ಸೂಪರ್‌ವೈಸರುಗಳು, ಗುತ್ತಿಗೆಯವರು. ಎರಡನೆಯವರು ಕೆಲಸ ಮುಗಿದೊಡನೆ ಹೊರಡುತ್ತಾರೆ. ಅವರು ಇದ್ದಷ್ಟು ದಿನ ಕಟ್ಟಿದ ಕಟ್ಟಡಗಳಲ್ಲಿ ಕ್ವಾರ್ಟರ್ಸ್ ಕೂಡ ಇರುವುದರಿಂದ, ಅವರು ಹೋಗುವಾಗ ಮೊದಲನೆಯವರಲ್ಲಿ ಕೆಲವರನ್ನೂ ನಿಮ್ಮ ಮನೆಯಿಂದ ನೆಲೆಯ ಒಳಕ್ಕೆ ಕಳಿಸಿಯೇ ಹೋಗುತ್ತಾರೆ. ಹಂತ ಮುಗಿದರೆ ಜನ ಬರುತ್ತಾರೆ ಎಂಬ ಲೆಕ್ಕದಲ್ಲಿ ನಿಮ್ಮ ಮಗ ಇದನ್ನು ಬಿಟ್ಟಿದ್ದಾರೆ. 2024ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ವಸತಿ ಕಟ್ಟಡಗಳು ಅಧಿಕಾರಿಗಳಿಗೆ ಮಾತ್ರವಲ್ಲ, ರಕ್ಷಣಾ ಇಲಾಖೆಯ ನಾಗರಿಕ ನೌಕರರಿಗೂ ಮೀಸಲಾಗಿವೆ ಎಂಬುದನ್ನು ಗಮನಿಸಬೇಕು. ಹೊರಗೆ ಬಾಡಿಗೆಗೆ ಇರುತ್ತಿದ್ದವರಲ್ಲಿ ಆ ನಾಗರಿಕ ನೌಕರರ ಪಾಲೂ ಸಣ್ಣದಲ್ಲ.

ಇನ್ನು ನೇವಿಯವರ ಜೇಬಿನ ವಿಚಾರ. ಕೇಂದ್ರ ಸರ್ಕಾರ ಮನೆ ಬಾಡಿಗೆ ಭತ್ಯೆಗಾಗಿ ಊರುಗಳನ್ನು ಎಕ್ಸ್, ವೈ, ಝಡ್ ಎಂದು ಮೂರು ವರ್ಗ ಮಾಡಿದೆ. ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ, 2024ರ ಜನವರಿಯಿಂದ, ಈ ದರಗಳು ಮೂಲ ವೇತನದ ಶೇ 30, 20 ಮತ್ತು 10 ಆಗಿವೆ. ಬೆಂಗಳೂರು ಎಕ್ಸ್. ಮಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡ, ಬೆಳಗಾವಿ ವೈ. ಕಾರವಾರ ಝಡ್. ಏಳನೇ ವೇತನ ಆಯೋಗದ ಪಟ್ಟಿಯಂತೆ ಆರನೇ ವೇತನ ಹಂತದ ಆರಂಭಿಕ ಮೂಲ ವೇತನ 35,400 ರೂಪಾಯಿ. ನೌಕಾಪಡೆಯ ಚೀಫ್ ಪೆಟ್ಟಿ ಆಫೀಸರ್ ಈ ಹಂತಕ್ಕೆ ಸೇರುತ್ತಾರೆ. ಅದರ ಹತ್ತನೆಯ ಒಂದು ಭಾಗ 3,540 ರೂಪಾಯಿ. ಸೇವೆ ಹೆಚ್ಚಿದಂತೆ ಇದು ಸ್ವಲ್ಪ ಏರುತ್ತದೆ, ನಿಜ. ಆದರೂ ನಿಮ್ಮ ಒಂಬತ್ತು ಸಾವಿರ ಬಾಡಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವರು ಸಂಬಳದಿಂದಲೇ ತುಂಬಬೇಕು. ನೇವಿಯವರಿಗೆ ಸರ್ಕಾರ ಬಾಡಿಗೆ ಕೊಡುತ್ತದೆ, ಎಷ್ಟು ಕೇಳಿದರೂ ನಡೆಯುತ್ತದೆ ಎಂಬ ಮಾತು ನಮ್ಮ ಕಡೆ ಚಹಾದಂಗಡಿಗಳಲ್ಲಿ ಧಾರಾಳವಾಗಿ ಓಡಾಡುತ್ತದೆ. ಈ ಒಂದು ಮಾತನ್ನು ನಂಬಿ ಬಾಡಿಗೆ ಏರಿಸಿ ಮನೆ ಖಾಲಿ ಇಟ್ಟುಕೊಂಡವರನ್ನು ನಾನು ಬಲ್ಲೆ. ಕ್ವಾರ್ಟರ್ಸ್ ಸಿಕ್ಕ ದಿನ ಭತ್ಯೆ ನಿಲ್ಲುತ್ತದೆ, ಆದರೆ ಕೈಯಿಂದ ಹಾಕುತ್ತಿದ್ದ ಆ ಉಳಿದ ಹಣ ಪೂರ್ತಿ ಉಳಿಯುತ್ತದೆ. ನೀರು, ಶಾಲೆ, ಆಸ್ಪತ್ರೆ, ಕ್ಯಾಂಟೀನು ಹತ್ತಿರವಾಗುತ್ತವೆ. ಹೀಗಿರುವಾಗ ನಿಮ್ಮ ಮನೆ ಎಷ್ಟೇ ಚೆನ್ನಾಗಿದ್ದರೂ ಅವರು ಸರದಿ ಬಂದೊಡನೆ ಒಳಗೆ ಹೋಗುತ್ತಾರೆ. ಹೊರಗೆ ಉಳಿಯುವವರು ಸರದಿಗಾಗಿ ಕಾಯುತ್ತಿರುವವರು. ಅಂದರೆ ನಿಮ್ಮದು ನೇವಿಯವರ ಮನೆಯಲ್ಲ, ನೇವಿಯವರ ಕಾಯುವ ಕೋಣೆ.

ಇದರ ಜೊತೆಗೆ 2022ರಲ್ಲಿ ಬಂದ ಅಗ್ನಿಪಥ ಯೋಜನೆಯನ್ನೂ ಸೇರಿಸಿ ನೋಡಿ. ಅಗ್ನಿವೀರರಾಗಿ ಸೇರುವವರು ಅವಿವಾಹಿತರಾಗಿರಬೇಕು, ನಾಲ್ಕು ವರ್ಷದ ಅವಧಿಯಲ್ಲಿ ಮದುವೆಯಾಗುವಂತಿಲ್ಲ. ಹಿಂದೆಯೂ ಹೊಸ ನಾವಿಕರು ಸಂಸಾರ ಹೂಡುತ್ತಿದ್ದದ್ದು ತಡವಾಗಿಯೇ. ಆದರೆ ಈಗಿನ ತಂಡಗಳಲ್ಲಿ ನಾಲ್ಕು ವರ್ಷದ ನಂತರ ಕಾಯಂ ಆಗಿ ಉಳಿಯುವವರೇ ಒಂದು ಭಾಗ. ಎರಡು ಕೋಣೆಯ ಸಂಸಾರದ ಮನೆ ಕೇಳಿಕೊಂಡು ಬರುವವರ ಸಂಖ್ಯೆಯ ಮೇಲೆ ಇದರ ಪರಿಣಾಮ ಮುಂದಿನ ವರ್ಷಗಳಲ್ಲಿ ಕಾಣಿಸುತ್ತದೆ ಎಂಬುದು ನನ್ನ ಅನುಮಾನ.

ಈಗ ಕಾಗದದ ಮೇಲೆ ಲೆಕ್ಕ ಹಾಕೋಣ. 12 ಲಕ್ಷಕ್ಕೆ ಶೇ 9ರಂತೆ 15 ವರ್ಷಕ್ಕೆ ತಿಂಗಳ ಕಂತು ಸುಮಾರು 12,170 ರೂಪಾಯಿ. ವರ್ಷಕ್ಕೆ 1,46,000 ರೂಪಾಯಿಯ ಆಸುಪಾಸು. ಮೇಲಿನ ಎರಡೂ ಮನೆಗಳು ಹನ್ನೆರಡು ತಿಂಗಳೂ ತುಂಬಿದ್ದರೆ 2,16,000 ರೂಪಾಯಿ ಬರುತ್ತದೆ. ಆದರೆ ಒಂದು ಮನೆ ಈಗಾಗಲೇ ಐದು ತಿಂಗಳು ಖಾಲಿ ಇದ್ದದ್ದನ್ನು ನೀವೇ ಬರೆದಿದ್ದೀರಿ. ಪ್ರತಿ ಮನೆಯೂ ವರ್ಷಕ್ಕೆ ನಾಲ್ಕು ತಿಂಗಳು ಖಾಲಿ ಉಳಿಯಿತೆಂದರೆ ಬರುವುದು 1,44,000 ರೂಪಾಯಿ. ಕಂತಿಗೇ ಸಾಲದು. ಪಂಚಾಯಿತಿ ಕರ, ಪ್ರತಿ ಬಾಡಿಗೆದಾರ ಬಿಟ್ಟಾಗ ಸುಣ್ಣಬಣ್ಣ, ಮಳೆಗಾಲ ಮುಗಿದ ಮೇಲಿನ ದುರಸ್ತಿ ಎಲ್ಲವೂ ನಿಮ್ಮ ಪಿಂಚಣಿಯಿಂದ ಹೋಗಬೇಕು. ನಿವೃತ್ತಿ ಹಣದಿಂದ ಹಾಕಿದ್ದಕ್ಕೆ ಬಡ್ಡಿಯ ಮಾತೇ ಇಲ್ಲ.

ಹಾಗಾದರೆ ಖಾಲಿ ಇರುವ ಮನೆಗೆ ಏನು ಮಾಡುವುದು? ಕಾರವಾರ ನಗರದೊಳಗಿನ ಮಾಲೀಕರಿಗೆ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು, ದಾದಿಯರು, ಜಿಲ್ಲಾ ಕಚೇರಿಗಳಿಗೆ ವರ್ಗವಾಗಿ ಬರುವ ನೌಕರರು ಇದ್ದಾರೆ. ನಿಮ್ಮ ಊರಿಗೆ ಅವರು ಅಷ್ಟಾಗಿ ಬರುವುದಿಲ್ಲ. ಆದ್ದರಿಂದ ನಿಮ್ಮ ಬಾಡಿಗೆದಾರರು ಯಾರಿರಬಹುದೋ ಅವರಿಗೆ ಮನೆಯನ್ನು ಹೊಂದಿಸಿಕೊಳ್ಳಿ. ವರ್ಗಾವಣೆಯಾಗಿ ಬರುವ ಕುಟುಂಬಕ್ಕೆ ಮೊದಲ ಮೂರು–ನಾಲ್ಕು ತಿಂಗಳು ಬಲು ಕಷ್ಟದವು. ಸಾಮಾನು ಲಾರಿಯಲ್ಲಿ ಬರುತ್ತಿರುತ್ತದೆ, ಮಗುವಿನ ಶಾಲೆ ಶುರುವಾಗಿರುತ್ತದೆ, ಕ್ವಾರ್ಟರ್ಸಿನ ಸರದಿ ಬಂದಿರುವುದಿಲ್ಲ. ಎರಡು ಮಂಚ, ಗ್ಯಾಸ್ ಒಲೆ, ಫ್ರಿಜ್, ನೀರು ಕಾಯಿಸುವ ಗೀಸರ್ ಇಟ್ಟು, ಆರು ತಿಂಗಳ ಕರಾರಿಗೂ ಒಪ್ಪುವ ಮನೆ ಅವರಿಗೆ ಖಾಲಿ ಗೋಡೆಯ ಮನೆಗಿಂತ ಹೆಚ್ಚು ಉಪಯುಕ್ತ. ಈ ಸಾಮಾನಿಗೆ ಆಗುವ ವೆಚ್ಚ ನಿಮ್ಮ ಮೇಲಿನ ಮಹಡಿಯ ಕಬ್ಬಿಣಕ್ಕೆ ಆಗುವ ವೆಚ್ಚಕ್ಕಿಂತ ಕಡಿಮೆ. ಬಾಡಿಗೆಯನ್ನು ಎಂಟು ಸಾವಿರಕ್ಕೆ ಇಳಿಸಿ ವರ್ಷದಲ್ಲಿ ಹನ್ನೊಂದು ತಿಂಗಳು ತುಂಬಿಸಿಕೊಂಡರೆ 88,000 ರೂಪಾಯಿ ಬರುತ್ತದೆ. ಒಂಬತ್ತು ಸಾವಿರಕ್ಕೇ ಪಟ್ಟು ಹಿಡಿದು ಏಳು ತಿಂಗಳು ತುಂಬಿಸಿಕೊಂಡರೆ 63,000 ರೂಪಾಯಿ. ಮನೆ ಖಾಲಿಯಾಗುವುದನ್ನು ಶಾಲಾ ವರ್ಷದ ಕೊನೆಗೆ, ಅಂದರೆ ಮಾರ್ಚ್–ಏಪ್ರಿಲ್‌ಗೆ ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು. ಜುಲೈನಲ್ಲಿ ಖಾಲಿಯಾದ ಮನೆಯನ್ನು ಆ ಮಳೆಯಲ್ಲಿ ನೋಡಲು ಬರುವವರೂ ಕಡಿಮೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಇದ್ದ ನೌಕಾಪಡೆಯ ಕುಟುಂಬ ವರ್ಗಾವಣೆಯ ಆದೇಶ ಬಂತೆಂದು ಹತ್ತೇ ದಿನದಲ್ಲಿ ವಿಶಾಖಪಟ್ಟಣಕ್ಕೆ ಹೊರಟುಹೋಯಿತು. ಹನ್ನೊಂದು ತಿಂಗಳ ಕರಾರಿನಲ್ಲಿ ಎರಡು ತಿಂಗಳ ಮುನ್ಸೂಚನೆ ಎಂದು ಬರೆದಿತ್ತು. ಮುಂಗಡ 30,000 ರೂಪಾಯಿ ನನ್ನ ಬಳಿ ಇದೆ. ಅದನ್ನು ಪೂರ್ತಿ ಇಟ್ಟುಕೊಳ್ಳಬಹುದೇ? (ಬಿಣಗಾ)

ಉತ್ತರ: ಕಾಗದದ ಪ್ರಕಾರ ಮುನ್ಸೂಚನೆಗೆ ಕಡಿಮೆ ಬಿದ್ದ ದಿನಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳಲು ನಿಮಗೆ ಆಧಾರ ಇದೆ. ಪೂರ್ತಿ ಇಟ್ಟುಕೊಳ್ಳಲು ಇಲ್ಲ. ಅಮೆರಿಕದಂಥ ದೇಶದಲ್ಲಿ ವರ್ಗಾವಣೆಯಾದ ಸೈನಿಕರು ಕರಾರನ್ನು ಮಧ್ಯದಲ್ಲೇ ಬಿಡಲು ಕಾನೂನೇ ಅವಕಾಶ ಕೊಡುತ್ತದೆ. ನಮ್ಮಲ್ಲಿ ಅಂಥ ಕಾನೂನು ಇಲ್ಲದಿರುವುದರಿಂದ ಎಲ್ಲವೂ ಕರಾರಿನ ಮಾತಿನ ಮೇಲೆ ನಿಂತಿದೆ. ಕರಾರಿನಲ್ಲಿ ಏನೂ ಬರೆಯದ ತಿಂಗಳ ಬಾಡಿಗೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮು ಹದಿನೈದು ದಿನದ ನೋಟಿಸು ಸಾಕೆನ್ನುತ್ತದೆ.

ಆದರೆ ನನ್ನ ಸಲಹೆ ಕಾನೂನಿನದ್ದಲ್ಲ, ವ್ಯವಹಾರದ್ದು. ಆದೇಶದ ಪ್ರತಿಯನ್ನೋ ಅದರ ವಿಚಾರವನ್ನೋ ಅವರು ನಿಮಗೆ ತೋರಿಸಿದ್ದರೆ, ಹೊಸ ಬಾಡಿಗೆದಾರರು ಸಿಗುವವರೆಗಿನ ದಿನಗಳ ಬಾಡಿಗೆಯನ್ನು, ಗರಿಷ್ಠ ಒಂದು ತಿಂಗಳಿಗೆ ಮಿತಿ ಮಾಡಿ, ಮುರಿದುಕೊಂಡು ಉಳಿದ ಹಣವನ್ನು ಅವರ ಖಾತೆಗೆ ಹಾಕಿಬಿಡಿ. ಹಡಗಿನ ಒಂದು ಮೆಸ್ಸಿನಲ್ಲಿ ಯಾವ ಊರಿನ ಯಾವ ಮಾಲೀಕರು ಮುಂಗಡ ನುಂಗಿದರು ಎಂಬ ಸುದ್ದಿ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ, ಹಣ ಹಿಂದಿರುಗಿಸಿದ ಸುದ್ದಿಯೂ ಹಾಗೆಯೇ. ಇಲ್ಲಿ ನಿಮ್ಮ ಮುಂದಿನ ಬಾಡಿಗೆದಾರರನ್ನು ಕಳುಹಿಸುವವರು ದಲ್ಲಾಳಿಯಲ್ಲ, ಹಿಂದಿನ ಬಾಡಿಗೆದಾರರು. ಮುಂದಿನ ಕರಾರಿನಲ್ಲಿ ಇದನ್ನು ಮೊದಲೇ ಬರೆದುಕೊಳ್ಳಿ: ವರ್ಗಾವಣೆಯಾದರೆ ಹದಿನೈದು ದಿನದ ತಿಳಿವಳಿಕೆ ಸಾಕು, ಮುಂಗಡದಿಂದ ಹದಿನೈದು ದಿನದ ಬಾಡಿಗೆ ಮಾತ್ರ ಕಡಿತ, ಉಳಿದದ್ದು ಕೀಲಿ ಕೊಟ್ಟ ಏಳು ದಿನದೊಳಗೆ ವಾಪಸು. ಇಂಥ ಒಂದು ಸಾಲು ಇರುವ ಕರಾರನ್ನು ನೋಡಿದೊಡನೆ ಹೆಚ್ಚಿನ ಕುಟುಂಬಗಳು ನೂರು–ಇನ್ನೂರು ರೂಪಾಯಿ ಹೆಚ್ಚು ಬಾಡಿಗೆಗೂ ಒಪ್ಪುತ್ತವೆ ಎಂಬುದು ನಾನು ಕಂಡ ಮಾತು.

ಪ್ರಶ್ನೆ: ನಾಲ್ಕು ತಿಂಗಳಿಂದ ಬಾಡಿಗೆ ಕೊಡದ ಒಬ್ಬ ನಾವಿಕರು ನಮ್ಮ ಮನೆಯಲ್ಲಿ ಇದ್ದಾರೆ. ಕೋರ್ಟಿಗೆ ಹೋದರೆ ಅವರ ಸಂಬಳದಿಂದಲೇ ಹಣ ಕಟಾವು ಮಾಡಿಸಬಹುದೆಂದು ಪರಿಚಯದವರು ಹೇಳಿದರು. ನೀರಿನ ಪಂಪು ಬಂದ್ ಮಾಡಿದರೆ ತಾವಾಗಿಯೇ ಹೋಗುತ್ತಾರೆಂದೂ ಹೇಳಿದರು. (ಅಂಕೋಲಾ)

ಉತ್ತರ: ನಿಮ್ಮ ಪರಿಚಯದವರ ಎರಡೂ ಸಲಹೆಗಳು ತಪ್ಪು. ಎರಡನೆಯದು ಅಪಾಯಕಾರಿ ಕೂಡ. ನೀರು, ವಿದ್ಯುತ್ತು ಕಡಿದರೆ ಬಾಡಿಗೆದಾರರು ದೂರು ಕೊಡಬಹುದು. ನ್ಯಾಯ ನಿಮ್ಮ ಕಡೆ ಇದ್ದದ್ದು ಅಂದಿನಿಂದ ಅವರ ಕಡೆಗೆ ವಾಲುತ್ತದೆ.

ಸಂಬಳದ ವಿಚಾರ ಹೀಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಯಾವ ಯಾವ ಸ್ವತ್ತನ್ನು ಜಪ್ತಿ ಮಾಡಬಾರದು ಎಂದು ಪಟ್ಟಿ ಮಾಡುತ್ತದೆ; ಭೂಸೇನೆ, ವಾಯುಪಡೆ ಮತ್ತು 1957ರ ನೌಕಾಪಡೆ ಕಾಯ್ದೆಗಳಿಗೆ ಒಳಪಟ್ಟವರ ವೇತನ ಆ ಪಟ್ಟಿಯಲ್ಲಿ ಇದೆ. ನಿಮ್ಮ ಪರ ನ್ಯಾಯಾಲಯದ ಡಿಕ್ರಿ (ಆದೇಶ) ಸಿಕ್ಕರೂ ಸಂಬಳಕ್ಕೆ ಕೈ ಹಾಕಲಾಗದು, ಬೇರೆ ಸ್ವತ್ತನ್ನು ಹುಡುಕಬೇಕಾಗುತ್ತದೆ. ಸಾಲದ್ದಕ್ಕೆ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಇದೆ. ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿ ತೊಡಗಿರುವ ಯೋಧರು ಎದುರುಗಾರರಾದಾಗ, ನಿಗದಿತ ಅಧಿಕಾರಿಯ ಪ್ರಮಾಣಪತ್ರ ಬಂದರೆ, ನ್ಯಾಯಾಲಯ ದಾವೆಯನ್ನು ಮುಂದೂಡಬೇಕಾಗುತ್ತದೆ. ಯೋಧರ ಬೆನ್ನ ಹಿಂದೆ ಅವರ ಮನೆಯ ವಿಷಯದಲ್ಲಿ ತೀರ್ಪಾಗಬಾರದು ಎಂಬ ಉದ್ದೇಶ ಅದರದು, ಅದನ್ನು ತಪ್ಪೆನ್ನಲಾಗದು. ಆದರೆ ನಾಲ್ಕು ತಿಂಗಳ ಬಾಕಿಗಾಗಿ ದಾವೆ ಹೂಡಿದ ಮಾಲೀಕರಿಗೆ ಕಾಲ ಉದ್ದವಾಗುತ್ತದೆ.

ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ ಎಂದು ನೀವು ಕೇಳಬಹುದು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಅಂದರೆ ಇಂದಿನ ಬಾಡಿಗೆ ದರದಲ್ಲಿ ಹೆಚ್ಚುಕಡಿಮೆ ಯಾವ ಮನೆಗೂ ಅಲ್ಲ; ನಿಮ್ಮ ದಾರಿ ಸ್ವತ್ತು ವರ್ಗಾವಣೆ ಕಾಯ್ದೆಯ ನೋಟಿಸು ಮತ್ತು ಸಿವಿಲ್ ದಾವೆ.

ಅಲ್ಲಿಗೆ ಹೋಗುವ ಮೊದಲು ಇನ್ನೊಂದು ಬಾಗಿಲು ಇದೆ, ಇದು ಬೇರೆ ಬಾಡಿಗೆದಾರರ ವಿಷಯದಲ್ಲಿ ಇರುವುದಿಲ್ಲ. ಸಾಲ, ಬಾಕಿ ಉಳಿಸಿಕೊಂಡು ಊರಿನಲ್ಲಿ ಹೆಸರು ಕೆಡಿಸಿಕೊಳ್ಳುವುದನ್ನು ಸೇನೆಯ ಮೂರೂ ಪಡೆಗಳು ಶಿಸ್ತಿನ ಪ್ರಶ್ನೆಯಾಗಿ ನೋಡುತ್ತವೆ. ಮೊದಲು ಬಾಡಿಗೆದಾರರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆಯಿರಿ: ಯಾವ ಯಾವ ತಿಂಗಳು, ಎಷ್ಟು ಬಾಕಿ, ಎಂದಿನೊಳಗೆ ಕೊಡಬೇಕು. ಗಡುವು ಮುಗಿದ ಮೇಲೆ ಅದೇ ಪತ್ರದ ನಕಲು ಮತ್ತು ಕರಾರಿನ ನಕಲನ್ನು ಸೇರಿಸಿ ಅವರ ಘಟಕದ ಕಮಾಂಡಿಂಗ್ ಆಫೀಸರಿಗೆ ಒಂದು ಪುಟ ಮೀರದ ಅರ್ಜಿ ಕಳುಹಿಸಿ. ಬೈಗುಳ ಬೇಡ, ಸಂಸಾರದ ಮಾತು ಬೇಡ, ಹಡಗು ಎಂದು ಹೊರಟಿತು ಎಂದು ಬಂತು ಎಂಬ ವಿವರ ಖಂಡಿತ ಬೇಡ. ದಿನಾಂಕ ಮತ್ತು ಹಣ, ಇಷ್ಟೇ ಇರಲಿ. ಇಂಥ ಅರ್ಜಿ ಹೋದ ನಂತರ ಬಾಕಿ ಕಂತಿನಲ್ಲಾದರೂ ಬರಲು ಶುರುವಾಗುವುದನ್ನು ಹಲವು ಸಲ ನೋಡಿದ್ದೇನೆ. ಇನ್ನೂ ಒಂದು ಮಾತು: ನಾಲ್ಕು ತಿಂಗಳು ಸುಮ್ಮನಿದ್ದದ್ದು ನಿಮ್ಮ ತಪ್ಪು. ಎರಡನೆಯ ತಿಂಗಳು ಹತ್ತನೇ ತಾರೀಕಿಗೇ ಕಾಗದ ಹೋಗಬೇಕಿತ್ತು.

ಪ್ರಶ್ನೆ: ನೆಲೆಯ ಕಾಮಗಾರಿ ಮಾಡುತ್ತಿರುವ ಒಂದು ಗುತ್ತಿಗೆ ಕಂಪನಿಯವರು ನನ್ನ ಮನೆಯ ಕೆಳಗಿನ ಭಾಗವನ್ನು ಪೂರ್ತಿ ಕೇಳುತ್ತಿದ್ದಾರೆ. ಹದಿನಾಲ್ಕು ಕಾರ್ಮಿಕರು ಇರುತ್ತಾರಂತೆ. ಸಂಸಾರಸ್ಥರು ಕೊಡುವುದರ ಎರಡರಷ್ಟು, ಅಂದರೆ 22,000 ರೂಪಾಯಿ ಕೊಡುತ್ತಾರೆ. ಜಿಎಸ್‌ಟಿ, ಟಿಡಿಎಸ್ ಎಂದೆಲ್ಲ ಹೇಳಿದ್ದಾರೆ, ಅರ್ಥವಾಗಲಿಲ್ಲ. (ತೋಡೂರು)

ಉತ್ತರ: ತೆರಿಗೆಯ ಭಾಗ ಸುಲಭ. ಜಿಎಸ್‌ಟಿ ನೋಂದಣಿ ಇರುವವರು ವಾಸದ ಮನೆಯನ್ನು ಬಾಡಿಗೆಗೆ ಪಡೆದರೆ, 2022ರ ಜುಲೈ 18ರಿಂದ, ಶೇ 18 ತೆರಿಗೆಯನ್ನು ಪಡೆದವರೇ ಸರ್ಕಾರಕ್ಕೆ ನೇರವಾಗಿ ಕಟ್ಟಬೇಕು. ನಿಮ್ಮ ಬಾಡಿಗೆಯಿಂದ ಅದನ್ನು ಮುರಿದುಕೊಳ್ಳುವಂತಿಲ್ಲ. ಮೂಲದಲ್ಲಿ ತೆರಿಗೆ ಕಡಿತದ (ಟಿಡಿಎಸ್) ಮಿತಿ 2025ರ ಏಪ್ರಿಲ್‌ನಿಂದ ತಿಂಗಳಿಗೆ 50,000 ರೂಪಾಯಿ ಆಗಿರುವುದರಿಂದ 22,000 ರೂಪಾಯಿಗೆ ಕಡಿತದ ಪ್ರಶ್ನೆ ಬರುವುದಿಲ್ಲ. ಕರಾರು ಕಂಪನಿಯ ಹೆಸರಿನಲ್ಲಿಯೇ ಇರಲಿ. ಊರಿನಲ್ಲಿ ಇರುವ ಮೇಸ್ತ್ರಿಯ ಸಹಿ ಸಾಲದು. ಮೇಸ್ತ್ರಿ ಕೆಲಸ ಬಿಟ್ಟುಹೋದ ಮೇಲೆ ಮೂರು ತಿಂಗಳ ಬಾಡಿಗೆಗಾಗಿ ಯಾರನ್ನು ಕೇಳಬೇಕೆಂದು ತಿಳಿಯದೆ ಅಲೆದವರ ಪತ್ರ ಈ ಬಾರಿಯೂ ಒಂದು ಬಂದಿದೆ.

ಕಷ್ಟದ ಭಾಗ ಶೌಚಗುಂಡಿ. ಐದು ಜನರ ಸಂಸಾರಕ್ಕೆಂದು ತೋಡಿಸಿದ ಗುಂಡಿಗೆ ಹದಿನಾಲ್ಕು ಜನ ಬಂದರೆ, ಜುಲೈ ತಿಂಗಳಲ್ಲಿ ನೆಲದ ನೀರು ಮೇಲೆ ಬಂದಾಗ ಅದು ತುಂಬಿ ಅಂಗಳಕ್ಕೆ ಹರಿಯುತ್ತದೆ. ನಿಮ್ಮ ಬಾವಿ ಹತ್ತಿರವಿದ್ದರೆ ಕುಡಿಯುವ ನೀರೂ ಹೋಯಿತು. ಕಡಲ ದಂಡೆಯ ಬಾವಿಗಳಲ್ಲಿ ಏಪ್ರಿಲ್–ಮೇ ತಿಂಗಳಿನಲ್ಲಿ ನೀರು ಹೆಚ್ಚು ಎಳೆದರೆ ಉಪ್ಪು ಏರುವ ಭಯ ಬೇರೆ. ಗುಂಡಿಯನ್ನು ಮೂರು ತಿಂಗಳಿಗೊಮ್ಮೆ ಖಾಲಿ ಮಾಡಿಸುವ ವೆಚ್ಚ, ಟ್ಯಾಂಕರ್ ನೀರಿನ ವೆಚ್ಚ ಎರಡೂ ಕಂಪನಿಯದೇ ಎಂದು ಕರಾರಿನಲ್ಲಿ ಬರೆಯಿಸಿ, ಒಪ್ಪದಿದ್ದರೆ ಬಿಡಿ. ಮತ್ತು ದಯವಿಟ್ಟು ಹದಿನಾಲ್ಕು ಜನರನ್ನು ಎರಡು ಕೋಣೆಯಲ್ಲಿ ಮಲಗಿಸುವುದಕ್ಕೆ ಒಪ್ಪಬೇಡಿ. ಒಡಿಶಾದಿಂದಲೋ ಬಿಹಾರದಿಂದಲೋ ದುಡಿಯಲು ಬಂದವರಿಗೆ ಕಾಲು ಚಾಚಲು ಜಾಗ ಬೇಕು. ಎಂಟು ಜನಕ್ಕೆ ಮಿತಿ ಮಾಡಿ 16,000 ರೂಪಾಯಿಗೆ ಕೊಟ್ಟರೂ ಸಂಸಾರಸ್ಥರ ಬಾಡಿಗೆಗಿಂತ ಅದು ಹೆಚ್ಚೇ.

ನಿಮ್ಮ ಮನೆ ಪುನರ್ವಸತಿ ಬಡಾವಣೆಯಲ್ಲಿ ಇರುವುದಾದರೆ ಕರಾರಿಗೆ ಮೊದಲು ಹಕ್ಕುಪತ್ರದ ಷರತ್ತುಗಳನ್ನು ಓದಿಸಿ ನೋಡಿ, ಪಂಚಾಯಿತಿಯಲ್ಲಿ ಇ–ಸ್ವತ್ತಿನ ನಮೂನೆ 9 ಮತ್ತು 11 ನಿಮ್ಮ ಹೆಸರಿಗೇ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಕಂಪನಿಯವರು ಹೇಗೂ ಕೇಳುತ್ತಾರೆ. ಸೀಬರ್ಡಿಗಾಗಿ ಮನೆ ಮಠ ಬಿಟ್ಟು ಬಂದ ಹಲವು ಕುಟುಂಬಗಳಲ್ಲಿ ಖಾತೆ ಇಂದಿಗೂ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದಿದೆ. ನೆಲೆಗೆ ಜಾಗ ಬಿಟ್ಟುಕೊಟ್ಟವರಿಗೇ ನೆಲೆಯಿಂದ ಬರುವ ಬಾಡಿಗೆ ಕಾಗದದ ಕಾರಣಕ್ಕೆ ತಪ್ಪಿಹೋಗುವುದು ನೋಡಲು ಹಿತವಲ್ಲ.

ಪ್ರಶ್ನೆ: ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೆ ಕೊಡಲೇಬೇಕೇ? ಸೈನ್ಯದವರನ್ನು ಅನುಮಾನಿಸಿದಂತೆ ಆಗುವುದಿಲ್ಲವೇ? (ಚೆಂಡಿಯಾ)

ಉತ್ತರ: ಕೊಡಿ. ಅನುಮಾನದ ಮಾತಲ್ಲ ಇದು. ನೌಕಾನೆಲೆಯ ಮಾಹಿತಿ ಹೊರಗೆ ಹೋದ ಆರೋಪದ ಮೇಲೆ ಈ ತಾಲ್ಲೂಕಿನಲ್ಲಿಯೇ ರಾಷ್ಟ್ರೀಯ ತನಿಖಾ ದಳದವರು 2025ರಲ್ಲಿ ಬಂಧನ ಮಾಡಿದ್ದಾರೆ; ಆಮೇಲೆ ಠಾಣೆಯವರು ಮನೆ ಮಾಲೀಕರನ್ನೂ ಕೇಳುವುದು ಸಹಜ. ಆಧಾರ್ ಪ್ರತಿ, ಮೊಬೈಲ್ ಸಂಖ್ಯೆ, ಕರಾರಿನ ನಕಲು ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ. ನೌಕಾಪಡೆಯ ಗುರುತಿನ ಚೀಟಿಯ ಜೆರಾಕ್ಸ್ ಮಾತ್ರ ಕೇಳಬೇಡಿ. ನೋಡಿ ಹಿಂದಿರುಗಿಸಿದರೆ ಸಾಕು. ‘ಇಂಥ ಹಡಗಿನವರಿಗೆ ಮನೆ ಖಾಲಿ ಇದೆ’ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದೂ ಬೇಡ.

ಪ್ರಶ್ನೆ: ಹಿಂದಿನ ಬಾಡಿಗೆದಾರರು ಗೃಹಜ್ಯೋತಿಗೆ ತಮ್ಮ ಆಧಾರ್ ಜೋಡಿಸಿದ್ದರು. ಅವರು ವರ್ಗವಾಗಿ ಹೋದರು. ಹೊಸಬರಿಗೆ ಈಗ ಪೂರ್ತಿ ಬಿಲ್ಲು ಬರುತ್ತಿದೆ, ನನ್ನ ಮೇಲೆ ಸಿಟ್ಟಾಗಿದ್ದಾರೆ. (ಕಾರವಾರ)

ಉತ್ತರ: ಹಳಬರ ಆಧಾರ್ ಸಂಖ್ಯೆಯನ್ನು ನಿಮ್ಮ ಆರ್‌ಆರ್ ಸಂಖ್ಯೆಯಿಂದ ಬಿಡಿಸಿ ಹೊಸಬರದನ್ನು ಜೋಡಿಸಲು ಸೇವಾಸಿಂಧುವಿನಲ್ಲಿ ಅವಕಾಶ ಇದೆ, ಸಾಧ್ಯವಾಗದಿದ್ದರೆ ಹೆಸ್ಕಾಂ ಉಪವಿಭಾಗದ ಕಚೇರಿಗೆ ಕರಾರಿನ ನಕಲಿನೊಂದಿಗೆ ಹೋಗಿ. ಎರಡು–ಮೂರು ವರ್ಷಕ್ಕೊಮ್ಮೆ ಬಾಡಿಗೆದಾರರು ಬದಲಾಗುವ ಊರಿನಲ್ಲಿ ಇದನ್ನು ಕೀಲಿ ವಾಪಸು ಪಡೆಯುವ ದಿನದ ಕೆಲಸಗಳಲ್ಲಿ ಸೇರಿಸಿಕೊಳ್ಳಬೇಕು. ಅವರು ಎದುರಿಗೆ ಇರುವಾಗ ಅವರ ಮೊಬೈಲಿಗೆ ಬರುವ ಒಟಿಪಿಯಿಂದ ಐದು ನಿಮಿಷದಲ್ಲಿ ಮುಗಿಯುವುದು, ಅವರು ಬೇರೆ ರಾಜ್ಯ ಸೇರಿದ ಮೇಲೆ ಐದು ವಾರ ಹಿಡಿಯುತ್ತದೆ.

ಪ್ರಶ್ನೆ: ವರ್ಷಕ್ಕೆ 1,20,000 ರೂಪಾಯಿ ಬಾಡಿಗೆ ಬರುತ್ತದೆ. ಮನೆ ಸಾಲದ ಬಡ್ಡಿಯೂ ಇದೆ. ಹೊಸ ತೆರಿಗೆ ಪದ್ಧತಿಯಲ್ಲಿ ಏನೂ ಕಳೆಯಲಾಗದು ಎಂಬುದು ನಿಜವೇ? (ಸದಾಶಿವಗಡ)

ಉತ್ತರ: ಪೂರ್ತಿ ನಿಜವಲ್ಲ. ಕಟ್ಟಿದ ಮನೆ ಕರವನ್ನು ಕಳೆದು, ಉಳಿದದ್ದರಲ್ಲಿ ಶೇ 30ನ್ನು ದುರಸ್ತಿ ಮುಂತಾದ್ದಕ್ಕೆಂದು ರಸೀದಿ ಇಲ್ಲದೆಯೇ ಕಳೆಯಬಹುದು. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನೂ ಆ ಬಾಡಿಗೆಯ ಎದುರಿಗೆ ಕಳೆಯಬಹುದು. ಬಡ್ಡಿಯೇ ಹೆಚ್ಚಾಗಿ ನಷ್ಟ ಬಂದರೆ ಅದನ್ನು ಪಿಂಚಣಿ, ಸಂಬಳದಂಥ ಬೇರೆ ವರಮಾನದ ಎದುರಿಗೆ ಹೊಂದಿಸಲು ಹೊಸ ಪದ್ಧತಿ ಬಿಡುವುದಿಲ್ಲ, ಅಷ್ಟೇ. ಅಂದ ಹಾಗೆ, 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ ನಿಮ್ಮ ಕಡೆಯ ಮನೆಗಳನ್ನು ಬಿಟ್ಟು ನದಿಯ ಈಚೆಗೆ ಬರಲು ಬಾಡಿಗೆದಾರರು ಯೋಚಿಸುತ್ತಿದ್ದಾರೆ ಎಂದೂ ಬರೆದಿದ್ದೀರಿ. ಅದಕ್ಕಾಗಿ ಬಾಡಿಗೆ ಇಳಿಸಲು ಅವಸರ ಮಾಡಬೇಡಿ. ಇನ್ನೊಂದು ಸೇತುವೆಯ ಮೇಲೆ ಓಡಾಟ ಇದ್ದೇ ಇದೆ, ನಗರದಲ್ಲಿ ಅದೇ ಬಾಡಿಗೆಗೆ ಅಂಗಳ ಇರುವ ಮನೆ ಅವರಿಗೆ ಸಿಗುವುದು ಸುಲಭವಲ್ಲ.

ಪ್ರಶ್ನೆ: ನಮ್ಮ ಬಾಡಿಗೆದಾರರು ಹಡಗಿನ ಮೇಲೆ ಇರುವವರು. ಕಳೆದ ಜೂನ್‌ನಲ್ಲಿ ಹೆಂಡತಿ ಮಕ್ಕಳು ಊರಿಗೆ ಹೋದರು, ಅವರು ಸಮುದ್ರಕ್ಕೆ ಹೋದರು. ಆಗಸ್ಟ್ ಕೊನೆಗೆ ಬಾಗಿಲು ತೆಗೆದರೆ ಗೋಡೆಯೆಲ್ಲ ಬೂಷ್ಟು, ಬೀರುವಿನೊಳಗೆ ಬಟ್ಟೆಗೂ ಬೂಷ್ಟು. ಕಿಟಕಿಯ ಸರಳುಗಳು ತುಕ್ಕು ಹಿಡಿದು ಉದುರುತ್ತಿವೆ. ಬಣ್ಣಕ್ಕೆ 18,000 ರೂಪಾಯಿ ಆಗುತ್ತದೆ. ಮನೆ ಮುಚ್ಚಿಟ್ಟದ್ದು ಅವರು, ಖರ್ಚು ಅವರೇ ಕೊಡಬೇಕು ಎಂಬುದು ನನ್ನ ವಾದ. ಗೋಡೆ ಸರಿಯಿಲ್ಲ ಎಂಬುದು ಅವರ ವಾದ. (ಹಾರವಾಡ)

ಉತ್ತರ: ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ ಬಾಡಿಗೆದಾರರು ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲಿ ಕಾಪಾಡಬೇಕು, ಸಹಜ ಸವಕಳಿಯನ್ನು ಬಿಟ್ಟು. ಹಾಗೆಯೇ ಮಾಲೀಕರು ಮಾಡಬೇಕಾದ ದುರಸ್ತಿಯನ್ನು ತಿಳಿಸಿದ ನಂತರವೂ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲೂ ಅದೇ ಕಲಮು ಅವಕಾಶ ಕೊಡುತ್ತದೆ. ಕಡಲಿನಿಂದ ಕೂಗಳತೆಯಲ್ಲಿರುವ ಮನೆಯ ಕಬ್ಬಿಣದ ಸರಳು ತುಕ್ಕು ಹಿಡಿಯುವುದು ಸಹಜ ಸವಕಳಿ. ಅದು ನಿಮ್ಮ ಖರ್ಚು. ಈ ಸಲ ಬದಲಿಸುವಾಗ ತುಕ್ಕು ಹಿಡಿಯದ ಉಕ್ಕನ್ನೋ ಅಲ್ಯೂಮಿನಿಯಮ್ಮನ್ನೋ ಹಾಕಿಸಿ. ಪ್ರತಿ ವರ್ಷದ ರೆಡ್‌ಆಕ್ಸೈಡ್ ಬಣ್ಣದ ಕೂಲಿ ಉಳಿಯುತ್ತದೆ.

ಬೂಷ್ಟಿನ ವಿಚಾರದಲ್ಲಿ ಅದು ಎಲ್ಲಿ ಹಿಡಿದಿದೆ ಎಂದು ನೋಡಬೇಕು. ಮಳೆ ಹೊಡೆಯುವ ಪಶ್ಚಿಮದ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ಕೆಳಕ್ಕೆ ಪಟ್ಟೆಯಾಗಿ ಇಳಿದಿದ್ದರೆ, ಬೆರಳಿಟ್ಟು ಒತ್ತಿದಾಗ ಗಾರೆ ಮೆತ್ತಗೆ ಉದುರಿದರೆ, ನೀರು ಹೊರಗಿನಿಂದ ಬಂದಿದೆ. ಬಾಡಿಗೆದಾರರ ವಾದ ಸರಿ. ಎಲ್ಲಾ ಗೋಡೆಗಳಲ್ಲಿಯೂ ಒಂದೇ ಸಮನಾಗಿ, ಬೀರುವಿನ ಹಿಂದೆ ಮತ್ತು ಬಚ್ಚಲಿಗೆ ಹತ್ತಿಕೊಂಡ ಕೋಣೆಯಲ್ಲಿ ಹೆಚ್ಚಾಗಿ, ಒರಸಿದರೆ ಬಟ್ಟೆಗೆ ಹಸಿರುಬೂದಿಯಂತೆ ಬರುವುದಾದರೆ, ಅದು ಮನೆ ಮುಚ್ಚಿಟ್ಟದ್ದರಿಂದ ಬಂದದ್ದು. ನಿಮ್ಮ ಪತ್ರದೊಡನೆ ಕಳುಹಿಸಿದ ನಾಲ್ಕು ಚಿತ್ರಗಳಲ್ಲಿ ಎರಡೂ ಬಗೆ ಕಾಣಿಸುತ್ತಿವೆ. ಖರ್ಚನ್ನು ಅರ್ಧರ್ಧ ಮಾಡಿಕೊಳ್ಳಿ, ಅವರ ಅರ್ಧವನ್ನು ಎರಡು–ಮೂರು ತಿಂಗಳ ಬಾಡಿಗೆಯ ಜೊತೆ ಪಡೆಯಿರಿ. ಬಣ್ಣ ಈಗ ಬೇಡ, ಗೋಡೆ ಒಣಗಲಿ. ದೀಪಾವಳಿ ಕಳೆದ ಮೇಲೆ ಹೊಡೆಸಿ, ಇಲ್ಲವಾದರೆ ಮುಂದಿನ ಮಳೆಗೆ ಅದೇ ಜಾಗದಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ.

ಮುಂದಿನ ಮೇ ತಿಂಗಳಿನಲ್ಲಿ ಪಶ್ಚಿಮದ ಗೋಡೆಗೆ ತಗಡಿನದೋ ಮಡಲಿನದೋ ಮಳೆತಟ್ಟಿ ಕಟ್ಟಿಸಿ. ಹಡಗಿನವರ ಮನೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿರುವುದು ತಪ್ಪುವುದಿಲ್ಲವಾದ್ದರಿಂದ, ಒಂದು ಕೀಲಿ ನಿಮ್ಮ ಮನೆಯವರ ಬಳಿ ಅಥವಾ ಅವರು ನಂಬುವ ನೆರೆಮನೆಯ ಅಕ್ಕನ ಬಳಿ ಇರಲಿ, ವಾರಕ್ಕೆ ಎರಡು ದಿನ ಮಳೆ ಬಿಟ್ಟ ಹೊತ್ತಿನಲ್ಲಿ ಕಿಟಕಿ ತೆರೆದು ಫ್ಯಾನು ಹಾಕಿಡುವುದಕ್ಕೆ ಒಪ್ಪಿಗೆ ಇದೆ ಎಂದು ಕರಾರಿನಲ್ಲಿಯೇ ಬರೆದು ಇಬ್ಬರೂ ಸಹಿ ಮಾಡಿ. ಹೋಗುವ ಮೊದಲು ಬೀರುವಿನ ಬಾಗಿಲು ತೆರೆದಿಟ್ಟು, ಅದನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿ ಹೋಗಲು ಅವರಿಗೆ ಹೇಳಿ.